ಚೀಲದ ಮೇಲಿನ ಶ್ಯಾಮಲಮ್ಮ

ಗಂಗಾಲಕ್ಷ್ಮಿ ಗೇಟಿನ ಒಳಗೆ ಕಾಲಿಡಲಿಲ್ಲ. ಹುಳು ಕೆಟ್ಟ ಮನೆಯವರು ಇನ್ನೊಬ್ಬರ ಹುಳು ಮನೆಯ ಹತ್ತಿರ ಸುಳಿಯಬಾರದು. ಟೇಕಲ್ ಸುತ್ತಮುತ್ತ ರೇಷ್ಮೆ ಬೆಳೆಯುವವರೆಲ್ಲ ಪಾಲಿಸುವ ಈ ಕಟ್ಟುಪಾಡನ್ನು ಅವಳು ಅಷ್ಟು ಸಿಟ್ಟಿನಲ್ಲೂ ಮೀರಲಿಲ್ಲ. ರಸ್ತೆಯಲ್ಲೇ ನಿಂತು, ಕೈಯಲ್ಲಿದ್ದ ಖಾಲಿ ಚೀಲವನ್ನು ಮುದುರಿ ಅಂಗಳಕ್ಕೆ ಎಸೆದಳು.

“ಶ್ಯಾಮಲಕ್ಕ, ನಿನ್ ಮುಖ ನೋಡ್ಕೊಂಡು ತಂದೆ ಇದನ್ನ. ಮೂರ್ನೇ ಜ್ವರ ಎದ್ದಿದ್ದ ಹುಳು, ಎಲ್ಲಾ ಹಾಲು ರೋಗ ಬಂದು ಬಿದ್ದೋದ್ವು.”

ಹುಳು ಪೊರೆ ಬಿಡುವಾಗ ತಿನ್ನದೆ ಸುಮ್ಮನೆ ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದರೆ ಗೂಡು. ಮೂರು ದಾಟಿಸಿ ಕಳೆದುಕೊಂಡವಳ ಹೊಟ್ಟೆಯ ಉರಿ ಎಂಥದೆಂದು ಶ್ಯಾಮಲಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಯ್ಯೋ ಪಾಪ ಎನ್ನುತ್ತಲೇ ಚೀಲ ಬಿಡಿಸಿದವಳು ಅಲ್ಲೇ ನಿಂತುಬಿಟ್ಟಳು.

ಚೀಲದ ಮೇಲೆ ಅವಳೇ ಇದ್ದಳು. ತಲೆಗೆ ಟವೆಲ್ ಸುತ್ತಿಕೊಂಡು, ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದಳು. ಬೆನ್ನ ಹಿಂದೆ ಗೂಡು ತುಂಬಿದ ಬಿದಿರಿನ ಚಂದ್ರಿಕೆ ತಟ್ಟಿಗಳು. ಮೇಲೆ ದಪ್ಪ ಅಕ್ಷರದಲ್ಲಿ ‘ಬಂಗಾರಗೂಡು ಪುಡಿ’. ಕೆಳಗೆ, ಅವಳೇ ಹೇಳಿದಂತೆ, ‘ಸುಣ್ಣ ಬಿಟ್ಟೆ, ಬೆಳೆ ಗೆದ್ದೆ.’ ರೋಗ ತಗಲದಂತೆ ಹುಳುವಿನ ಹಾಸಿಗೆಯ ಮೇಲೆ ಉದುರಿಸುವ ಸುಣ್ಣವನ್ನು ಅವಳು ಯಾವ ಬೆಳೆಯಲ್ಲೂ ಬಿಟ್ಟವಳಲ್ಲ.

“ನಾನ್ಯಾವತ್ತೇ ಹೇಳ್ದೆ ಹಿಂಗಂತ?”

“ನೀನು ಹೇಳ್ದಿದ್ರೆ ನಿನ್ ಬಾಯಿ ಅಲ್ಲಿಗೆ ಹೆಂಗೆ ಹೋಯ್ತು? ನಾನೂ ಸುಣ್ಣ ಬಿಟ್ಟೆ ಅಕ್ಕ. ನೀನು ಬಿಟ್ಟಿದ್ದೀಯಲ್ಲ ಅಂತ ಬಿಟ್ಟೆ.” ಗಂಗಾಲಕ್ಷ್ಮಿ ಕೆರೆಯ ಕಡೆ ಕೈ ತೋರಿಸಿದಳು. “ಕೆರೆ ಹತ್ರದ ನನ್ ತೋಟದ ಸೊಪ್ಪು ಪ್ರತೀ ಸಲ ನಿಮ್ಗೇ ತಾನೆ ಕೊಡ್ತಿದ್ದಿದ್ದು? ಈ ಸಲ ಹಸೂಗೆ ಹಾಕ್ತೀನಿ. ನಿಮ್ಗೆ ಒಂದು ಕಡ್ಡಿ ಕೊಡಲ್ಲ.”

ಅವಳು ಹೋದ ಮೇಲೂ ಶ್ಯಾಮಲಮ್ಮ ಅಂಗಳದಲ್ಲೇ ನಿಂತಿದ್ದಳು. ಎರಡು ಜ್ವರ ದಾಟಿದ ಮರಿಹುಳು ಮನೆಗೆ ಬಂದು ಒಂದು ದಿನವಾಗಿತ್ತು. ಕೊನೆಯ ವಾರ ಹುಳು ತಿನ್ನುವ ತಿನ್ನಾಟಕ್ಕೆ ಸ್ವಂತ ತೋಟದ ಹಿಪ್ಪುನೇರಳೆ ಸೊಪ್ಪು ಯಾವತ್ತೂ ಸಾಲುತ್ತಿರಲಿಲ್ಲ. ಗಂಗಾಲಕ್ಷ್ಮಿಯ ಸೊಪ್ಪಿಲ್ಲದೆ ಆ ಮನೆಯಲ್ಲಿ ಒಂದು ಬೆಳೆಯೂ ಚಂದ್ರಿಕೆ ಏರಿದ್ದಿಲ್ಲ.

ಮಧ್ಯಾಹ್ನ ಮುದ್ದೆ, ಮಸ್ಸೊಪ್ಪು. ಮಗ ಅನಿಲ್‌ಕುಮಾರನಿಗೆ ಮಾಲೂರಿನ ಕಾರ್ಖಾನೆಯಲ್ಲಿ ಎರಡನೇ ಪಾಳಿ, ಹಾಗಾಗಿ ಊಟಕ್ಕೆ ನಾಲ್ವರೂ ಇದ್ದರು. ಶ್ಯಾಮಲಮ್ಮ ಚೀಲವನ್ನು ತಟ್ಟೆಗಳ ನಡುವೆ ಹಾಸಿದಳು.

“ಈ ಫೋಟೊ ನಾನು ತೆಗ್ದಿದ್ದು,” ಎಂದಳು ಸೊಸೆ ಪವಿತ್ರ.

ಮುಳಬಾಗಿಲಿನಿಂದ ಬಂದ ಹುಡುಗಿ ಇವಳು. ಮದುವೆಯಾಗಿ ಮೂರು ವರ್ಷ. ಕೈಯಲ್ಲಿ ಫೋನಿದ್ದರೆ ಕಣ್ಣು ಸುಮ್ಮನಿರುತ್ತಿರಲಿಲ್ಲ. ಮಾಲೂರಿನ ಇಟ್ಟಿಗೆ ಗೂಡಿನ ಹೊಗೆ, ಶಿವಾರಪಟ್ಟಣದಲ್ಲಿ ಉಳಿ ಹಿಡಿದ ಶಿಲ್ಪಿಯ ಕೈ, ಕಳೆ ಕೀಳುವ ಹೆಂಗಸರ ಸಾಲು, ಎಲ್ಲವನ್ನೂ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕುತ್ತಿದ್ದಳು. ಹನ್ನೆರಡು ಸಾವಿರ ಜನ ನೋಡುತ್ತಿದ್ದರು. ಅದನ್ನು ನೋಡಿಯೇ ಸೀಮಂತಕ್ಕೆ, ನಾಮಕರಣಕ್ಕೆ ಬಂದು ಫೋಟೊ ತೆಗೆದುಕೊಡಿ ಎಂದು ಕರೆಯುವವರು ಶುರುವಾಗಿದ್ದರು.

“ಅಂದ್ರೆ ಯಾರೋ ಕದ್ದಿದ್ದಾರೆ,” ಎಂದ ಅನಿಲ್.

“ಕದಿಯೋಕೆ ಬೀದೀಲಿ ಇಟ್ಟೋರು ಯಾರು?” ಶ್ಯಾಮಲಮ್ಮ ಸೊಸೆಯನ್ನೇ ನೋಡಿದಳು.

“ಅತ್ತೆ, ನೋಡ್ಲಿ ಅಂತ ಹಾಕಿದ್ದು. ಚೀಲಕ್ಕೆ ಅಂಟಿಸ್ಕೊಳ್ಳಿ ಅಂತಲ್ಲ.”

“ನನ್ ಮುಖ ಕಣೇ ಅದು. ಹಾಕೋ ಮುಂಚೆ ನನ್ನನ್ನ ಒಂದ್ ಮಾತು ಕೇಳಿದ್ಯಾ?”

ಪವಿತ್ರ ತಟ್ಟೆ ನೋಡಿದಳು. ಕೇಳಿರಲಿಲ್ಲ. ಅತ್ತೆ ಚೆನ್ನಾಗಿ ನಕ್ಕಿದ್ದಾರೆ ಎಂದು ಖುಷಿಯಲ್ಲಿ ಹಾಕಿದ್ದಳು, ಅಷ್ಟೇ.

“ಒಳ್ಳೇ ಹೆಸರೇ ಬಂತಲ್ಲ, ಬಿಟ್ಟಾಕ್ರಿ,” ಎಂದ ಮನೆಯ ಯಜಮಾನ ವೆಂಕಟರಾಯಪ್ಪ. “ನಾಕ್ ದಿನ ಆದ್ರೆ ಎಲ್ರೂ ಮರೀತಾರೆ.” ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಕೈ ತೊಳೆಯಲು ಎದ್ದುಹೋದ.

ಮುದ್ದೆ ಬಿಡುವ ಜನ್ಮವಲ್ಲ ಅದು. ನನ್ನನ್ನು ಕೇಳಿದರೆ, ಆ ಅರ್ಧ ಮುದ್ದೆಯನ್ನು ಯಾರಾದರೂ ಅವತ್ತೇ ಗಮನಿಸಬೇಕಾಗಿತ್ತು. ಜಗಳದ ಭರದಲ್ಲಿ ಯಾರೂ ಗಮನಿಸಲಿಲ್ಲ.

ನಾಲ್ಕು ದಿನದಲ್ಲಿ ಮರೆಯುವುದಿರಲಿ, ಫೋನು ಬಡಿದುಕೊಳ್ಳುವುದೇ ನಿಲ್ಲಲಿಲ್ಲ. ಶ್ರೀನಿವಾಸಪುರದಿಂದ ಶ್ಯಾಮಲಮ್ಮನ ಓರಗಿತ್ತಿ ಅನಸೂಯಮ್ಮ ಕರೆ ಮಾಡಿ, “ಪುಡಿ ಎಷ್ಟು ಹಾಕ್ಬೇಕೇ, ಒಂದ್ಸಲಾನಾ ಎರಡ್ಸಲಾನಾ?” ಎಂದಳು. ಹಾಕಲೇಬೇಡ, ಸುಣ್ಣ ಹಾಕು ಎಂದು ಇವಳು ಬಾಯಿ ಬಡಿದುಕೊಂಡರೆ, “ಕಂಪನಿಯೋರು ನಿಂಗೆ ದುಡ್ಡು ಕೊಟ್ಟಂಗೆ ನಮ್ಗೂ ಕೊಟ್ಟಾರು ಅಂತ ಹೊಟ್ಟೆಕಿಚ್ಚಾ?” ಎಂದು ಇಟ್ಟುಬಿಟ್ಟಳು. ಪವಿತ್ರಳ ತಾಯಿ ಮುಳಬಾಗಿಲಿನಿಂದ ತೆಲುಗಿನಲ್ಲಿ ನಕ್ಕಳು: “ಮೀ ಅತ್ತ ಗೋಡೆಕ್ಕಿಂದಿ ಕದಮ್ಮಾ,” ನಿಮ್ಮತ್ತೆ ಗೋಡೆ ಹತ್ತಿದಳಲ್ಲಮ್ಮ ಎಂದು. ಗೊಬ್ಬರದಂಗಡಿಯ ಗೋಡೆಗೆ ಬೀಗಿತ್ತಿಯ ದೊಡ್ಡ ಚಿತ್ರ ಹತ್ತಿಸಿದ್ದರಂತೆ. ಪವಿತ್ರಳಿಗೆ ನಗು ಬರಲಿಲ್ಲ. ಒಂದೊಂದು ಗೋಡೆ ನೋಡಿ ಎಷ್ಟು ಮನೆಯವರು ಸುಣ್ಣ ತುಂಬಿದ ಬಿದಿರ ಮಂಕರಿ ಮೂಲೆಗೆ ತಳ್ಳುತ್ತಿದ್ದಾರೋ ಎಂದು ಲೆಕ್ಕ ಹಾಕುತ್ತಿದ್ದಳು.

ಶನಿವಾರ ಪವಿತ್ರ, ಅನಿಲ್ ಇಬ್ಬರೂ ಮಾಲೂರಿಗೆ ಹೋದರು. ಹುಳು ಸಾಕುವ ಸಾಮಾನು ಮಾರುವ ಮುರಳಿಮೋಹನ್ ಅಂಗಡಿಯ ಬಾಗಿಲಿಗೆ ಕಟ್ಟಿದ ಆಳೆತ್ತರದ ಬ್ಯಾನರಿನಲ್ಲಿ ಶ್ಯಾಮಲಮ್ಮ ನಗುತ್ತಿದ್ದಳು. ಅನಿಲ್ ತಾಯಿಯ ಮುಖದ ಕೆಳಗೆ ತಲೆ ಬಗ್ಗಿಸಿಕೊಂಡೇ ಒಳಗೆ ಹೋದ.

“ಕಂಪನಿಯೋರು ಕಳಿಸ್ತಾರೆ, ನಾನು ಮಾರ್ತೀನಿ,” ಎಂದ ಮುರಳಿಮೋಹನ್. “ನೆಟ್ಟಲ್ಲಿರೋ ಫೋಟೊ ಎಲ್ರದ್ದೂ ಅಲ್ವೇನಮ್ಮ?”

“ನಿಮ್ ಅಂಗಡಿ ಬಾಗ್ಲೂ ತೆಗ್ದೇ ಇದೆ. ಇಲ್ಲಿರೋ ಚೀಲ ಎಲ್ರದ್ದೂನಾ ಸಾರ್?” ಎಂದಳು ಪವಿತ್ರ.

ಅವನು ನಕ್ಕ. “ಮಾತು ಜೋರಾಗಿದೆ. ಮೊದ್ಲು ಹೋಗಿ ನಿಮ್ ಮನೇಲಿ ಕೇಳ್ಕೊಳ್ಳಿ ತಾಯಿ.”

ಸೊಕ್ಕಿನ ಮಾತು ಎಂದುಕೊಂಡು ಇಬ್ಬರೂ ಹೊರಗೆ ಬಂದರು. ಸೋಮವಾರ ಕೋಲಾರಕ್ಕೆ ಹೋದರು. ಪವಿತ್ರಳ ಜೊತೆ ಕಾಲೇಜಿನಲ್ಲಿ ಓದಿದ ರಂಜಿತ ಅಲ್ಲಿ ವಕೀಲೆ. ಅವಳು ಚೀಲವನ್ನೂ ಫೋನನ್ನೂ ಪಕ್ಕಪಕ್ಕ ಇಟ್ಟು ನೋಡಿದಳು.

“ಮೇಡಂ, ಫೋನು ನಾನು ಕೊಡಿಸಿದ್ದು, ಮುಖ ಅಮ್ಮಂದು, ಗೂಡು ಅಪ್ಪಂದು,” ಎಂದ ಅನಿಲ್. “ಇದ್ರಲ್ಲಿ ಇವಳದ್ದು ಅಂತ ಏನಿದೆ?” ತಮಾಷೆಗೇ ಕೇಳಿದ್ದ, ಆದರೆ ಪೂರ್ತಿ ತಮಾಷೆಯೂ ಆಗಿರಲಿಲ್ಲ.

“ಫೋಟೊ ಇವಳದ್ದು,” ಎಂದಳು ರಂಜಿತ. “ತೆಗೆದವರದ್ದೇ ಹಕ್ಕು. ತೆಗೆದ ಕ್ಷಣದಿಂದ್ಲೇ ಬರುತ್ತೆ, ಎಲ್ಲೂ ಬರೆಸ್ಬೇಕಾಗಿಲ್ಲ. ಜನ ನೋಡೋಕೆ ಹಾಕಿದ್ರೆ ಹಕ್ಕು ಬಿಟ್ಕೊಟ್ಟಂಗೆ ಆಗಲ್ಲ. ಬೇರೆಯವ್ರು ವ್ಯಾಪಾರಕ್ಕೆ ಬಳಸ್ಬೇಕಾದ್ರೆ ಇವಳು ಬರೆದು ಸಹಿ ಹಾಕಿ ಕೊಡ್ಬೇಕು. ಕೊಟ್ಟಿದ್ದೀಯೇನೆ?”

“ಇಲ್ಲ.”

“ಮೂಲ ಫೋಟೊ ಇದ್ಯಾ?”

ಇತ್ತು. ದಿನ, ಗಂಟೆ ಸಮೇತ ಇತ್ತು. ಅದರ ಹಿಂದೆ ಮುಂದೆ ತೆಗೆದ ಇಪ್ಪತ್ತಮೂರು ಫೋಟೊಗಳೂ ಇದ್ದವು. ರಂಜಿತ ಬೆರಳಿನಿಂದ ದೊಡ್ಡದು ಮಾಡಿ ನೋಡುತ್ತಾ, “ಇದೇನೇ ಮೂಲೇಲಿ?” ಎಂದಳು.

ಎಡಮೂಲೆಯಲ್ಲಿ ಅತ್ತೆಯ ಕಾಲ ಬುಡದಲ್ಲಿ ಸುಣ್ಣದ ಮಂಕರಿ ಇತ್ತು. ಅದರ ಮೇಲೆ ಸುಣ್ಣ ಮೊಗೆದು ಮೊಗೆದು ಬೆಳ್ಳಗಾದ ತೆಂಗಿನ ಚಿಪ್ಪು. ಚೀಲದ ಮೇಲೆ ಸರಿಯಾಗಿ ಆ ಮೂಲೆಯನ್ನು ಕತ್ತರಿಸಿ ತೆಗೆದು, ‘ಸುಣ್ಣ ಬಿಟ್ಟೆ’ ಎಂದು ಬರೆದಿದ್ದರು.

ಅವತ್ತೇ ಕಂಪನಿಗೆ ನೋಟಿಸು ಹೋಯಿತು. ಸಂಜೆ ಪವಿತ್ರ ಆ ಮೂಲೆಯನ್ನು ಅತ್ತೆಗೆ ತೋರಿಸಿದಳು. ಶ್ಯಾಮಲಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, “ಇದೊಂದು ಕಾಣಿಸ್ತಿದ್ರೆ ಗಂಗಾ ಸುಣ್ಣ ಬಿಡ್ತಿರ್ಲಿಲ್ಲ,” ಎಂದಳು. ಚೀಲ ಬಂದಾಗಿನಿಂದ ಸೊಸೆಯ ಜೊತೆ ಆಡಿದ ಮೊದಲ ಮೆತ್ತನೆಯ ಮಾತು ಅದು.

ಹುಳು ಮೂರನೇ ಜ್ವರಕ್ಕೆ ಕೂತು ಎದ್ದವು. ಅಷ್ಟರಲ್ಲಿ ಗಂಗಾಲಕ್ಷ್ಮಿ ತನ್ನ ಹುಳುಗಳನ್ನೆಲ್ಲ ಗುಂಡಿ ತೆಗೆದು ಸುರಿದು ಮಣ್ಣೆಳೆದಳು. ಶ್ಯಾಮಲಮ್ಮ ತಾರಸಿಯ ಮೇಲಿನಿಂದ ನೋಡಿದಳು. ಗಂಗಾಲಕ್ಷ್ಮಿ ತಲೆ ಎತ್ತಿ ಇವಳನ್ನು ನೋಡಿ ಮತ್ತೆ ಮಣ್ಣೆಳೆಯಲು ಬಗ್ಗಿದಳು. ಕೆಳಗಿಳಿದು ಬಂದ ಶ್ಯಾಮಲಮ್ಮ ಕಾಫಿ ಕುಡಿಯಲಿಲ್ಲ.

ಕಂಪನಿಯ ಉತ್ತರ ಐದನೇ ದಿನ ಬಂತು. ಬೆಳಿಗ್ಗೆ ಉಪ್ಪಿಟ್ಟಿನ ಹೊತ್ತಿಗೆ ರಂಜಿತ ಅದನ್ನು ಪವಿತ್ರಳ ಫೋನಿಗೆ ಕಳಿಸಿದ್ದಳು. ಪವಿತ್ರ ಗಟ್ಟಿಯಾಗಿ ಓದಲು ಶುರು ಮಾಡಿದವಳು ಎರಡನೇ ಸಾಲಿಗೆ ನಿಂತಳು.

“ಓದೇ,” ಎಂದಳು ಶ್ಯಾಮಲಮ್ಮ.

“‘ಸದರಿ ಚಿತ್ರವನ್ನು ಬಳಸಲು ಮನೆಯ ಯಜಮಾನರಾದ ಶ್ರೀ ವೆಂಕಟರಾಯಪ್ಪನವರು ಸಂತೋಷದಿಂದ ಒಪ್ಪಿಗೆ ಕೊಟ್ಟಿರುತ್ತಾರೆ.’” ಅವಳ ದನಿ ಇಳಿಯಿತು. “ಮಾವನ ಸಹಿ ಇದೆ. ಚೀಲ ಹಿಡ್ಕೊಂಡು ನಿಂತಿರೋ ಫೋಟೊನೂ ಇದೆ.”

ಮುರಳಿಮೋಹನ್ ಹೇಳಿದ್ದು ಸೊಕ್ಕಿನ ಮಾತಾಗಿರಲಿಲ್ಲ ಎಂದು ಪವಿತ್ರಳಿಗೆ ಆಗ ಅರ್ಥವಾಯಿತು.

“ಗೂಡಿನ ಮಾರ್ಕೆಟ್ಟಲ್ಲಿ,” ಎಂದ ವೆಂಕಟರಾಯಪ್ಪ ಕೊನೆಗೆ. “ಮುರಳಿಮೋಹನ್ನು ಕಂಪನಿಯೋನ್ನ ಕರ್ಕೊಂಡು ಬಂದ. ಫೋನಲ್ಲಿ ತೋರ್ಸಿ, ಇದು ನಿಮ್ಮನೆಯೋರಾ ಅಂದ. ಹೌದು ಅಂದೆ. ಹಾಕ್ಕೋಬಹುದಾ ಅಂದ. ಹಾಕ್ಕೋ ಅಂದೆ. ನನ್ ಹೆಂಡ್ತಿ, ನನ್ ಮನೆ ಗೂಡು. ಅದ್ರಲ್ಲಿ ಯಾರನ್ನ ಕೇಳೋದು?”

“ನನ್ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ?” ಎಂದಳು ಶ್ಯಾಮಲಮ್ಮ.

“ಸುಣ್ಣ ಬಿಟ್ಟೆ ಅಂತ ಬರೀತಾರೆ ಅಂತ ನಂಗೇನ್ ಗೊತ್ತು?”

“ಅದಲ್ಲ ನಾನು ಕೇಳಿದ್ದು.”

ವೆಂಕಟರಾಯಪ್ಪ ಮೇಲುವಸ್ತ್ರ ಕೊಡವಿ ಎದ್ದ. “ಚೀಲ ಒಂದು ಸುಮ್ನೆ ಕೊಟ್ರು. ಕೊಟ್ಟಿಗೇಲಿ ಹುಲ್ಲಿನ ಕೆಳ್ಗೆ ಇದೆ. ಬಿಚ್ಚಿಲ್ಲ,” ಎಂದು ಹೊರಗೆ ಹೋದ.

ಅಂದಿನಿಂದ ಆ ಮನೆಯಲ್ಲಿ ಗಂಡ ಹೆಂಡತಿಯ ಮಾತು ನಿಂತಿತು. “ನಿಮ್ಮಾವಂಗೆ ಸಾರು ಬೇಕಾ ಕೇಳು,” ಎಂದು ಇವಳು, “ನಿಮ್ಮತ್ತೆಗೆ ಸಾಕು ಅಂತ ಹೇಳಮ್ಮ,” ಎಂದು ಅವನು. ಇಬ್ಬರೂ ಮೂರಡಿ ದೂರದಲ್ಲಿ ಕೂತು ಪವಿತ್ರಳ ಬಾಯಿಯಿಂದ ಸಂಸಾರ ಮಾಡಿದರು. ಹುಳು ನಾಲ್ಕನೇ ಜ್ವರಕ್ಕೆ ಕೂತವು. ಹುಳು ಜ್ವರಕ್ಕೆ ಕೂತಾಗ ಮನೆ ಹೇಗೂ ಸದ್ದಿಲ್ಲದೆ ಇರಬೇಕು, ಆದರೆ ಆ ಸಲದ ನಿಶ್ಶಬ್ದಕ್ಕೂ ಹುಳುವಿಗೂ ಸಂಬಂಧವಿರಲಿಲ್ಲ.

ರಂಜಿತ ಕರೆ ಮಾಡಿದಳು. “ನಿಮ್ಮಾವನ ಒಪ್ಪಿಗೆಗೆ ಬೆಲೆ ಇಲ್ಲ ಕಣೇ, ಹಕ್ಕು ನಿಂದು. ಆದ್ರೆ ಅದನ್ನ ನೀನೇ ಬರೆದು ಹೇಳ್ಬೇಕು. ನನ್ ಮಾವನಿಗೆ ಈ ಫೋಟೊ ಕೊಡೋ ಹಕ್ಕು ಇರ್ಲಿಲ್ಲ ಅಂತ. ಬರೀದಿದ್ರೆ ಮುಂದಿನ ಬೆಳೆಗೆ ಅದೇ ಚೀಲ ಮತ್ತೆ ಅಚ್ಚಾಗುತ್ತೆ.”

ಇದನ್ನು ಗಂಡನಿಗೆ ಹೇಳಿದ್ದೇ ತಡ, ಅನಿಲ್ ಸಿಡಿದ. “ಅಪ್ಪಂಗೆ ಹಕ್ಕಿಲ್ಲ ಅಂತ ಬರ್ದು ಕೊಡ್ತೀಯಾ? ನಾಳೆ ಕೋರ್ಟಿಗೆ ಎಳೀತೀಯಾ?”

“ಬರೀದೆ ಇದ್ರೆ ಇನ್ನೂ ಎಷ್ಟು ಜನ ಗುಂಡಿ ತೋಡ್ಬೇಕು ರೀ? ನಾನು ತೆಗ್ದ ಫೋಟೊ ನೋಡ್ಕೊಂಡು ಅವ್ರು ಹುಳು ಕಳ್ಕೊಂಡ್ರು. ನಂಗೆ ಅನ್ನ ಇಳೀತಿಲ್ಲ.”

“ಎಲ್ಲಾ ಆ ಫೋನಿಂದ ಬಂದಿದ್ದು. ಕೊಡಿಸ್ಲೇಬಾರ್ದಾಗಿತ್ತು.”

“ತಗೊಳ್ಳಿ,” ಎಂದು ಪವಿತ್ರ ಫೋನನ್ನು ಅವನ ಕೈಗೆ ತುರುಕಿದಳು. “ಇಟ್ಕೊಳ್ಳಿ. ಆ ಚೀಲ ಅಂಗಡಿಯಿಂದ ಇಳಿಯುತ್ತಾ ನೋಡೋಣ.”

ಅವನು ಡ್ಯೂಟಿಗೆ ಹೊರಟಾಗ ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಹೋದ. ಹೇಳದೆ ಇಟ್ಟು ಹೋದದ್ದೇ ಅವನ ರಾಜಿ.

ಹುಳು ಜ್ವರ ಬಿಟ್ಟು ಎದ್ದು ತಿನ್ನಲು ಶುರು ಮಾಡಿದವು. ಸೊಪ್ಪು ಹಾಕಿದರೆ ಜಿಟಿಜಿಟಿ ಮಳೆಯ ಹಾಗೆ ಸದ್ದು, ಅರ್ಧ ಗಂಟೆಗೆ ಬರೀ ಕಡ್ಡಿ. ಐದನೇ ದಿನ ಸ್ವಂತ ತೋಟ ಬೋಳಾಗತೊಡಗಿತು. ವೆಂಕಟರಾಯಪ್ಪ ಬೈಕು ತೆಗೆದುಕೊಂಡು ಊರೂರು ತಿರುಗಿದ. ಒಬ್ಬರ ತೋಟದಲ್ಲಿ ಸೊಪ್ಪಿರಲಿಲ್ಲ, ಇನ್ನೊಬ್ಬರಿಗೆ ಕೊಡುವ ಮನಸ್ಸಿರಲಿಲ್ಲ. “ಬಂಗಾರಗೂಡು ಪುಡಿಯೋರಿಗೆ ಸೊಪ್ಪಿಗೇನು ಬರ ಗೌಡ್ರೆ?” ಎಂದು ಒಬ್ಬ ಮುಖಕ್ಕೇ ಹೇಳಿದ. ಕೆರೆಯ ದಾರಿಯಲ್ಲಿ ವಾಪಸು ಬರುವಾಗ ಗಂಗಾಲಕ್ಷ್ಮಿಯ ತೋಟ ಎದೆಮಟ್ಟ ಬೆಳೆದು ನಿಂತಿತ್ತು. ಅವನು ಆ ಕಡೆ ನೋಡದೆ ಬೈಕು ಓಡಿಸಿದ.

ಮನೆಗೆ ಬಂದಾಗ ಪವಿತ್ರ ಜಗಲಿಯಲ್ಲಿ ಕಾಯುತ್ತಿದ್ದಳು. ಕೈಯಲ್ಲಿ ಬರೆದ ಹಾಳೆ ಇತ್ತು.

“ಮಾವ, ಇದನ್ನ ನಿಮ್ ಬೆನ್ನ ಹಿಂದೆ ಕಳಿಸೋಕೆ ನಂಗೆ ಮನಸ್ಸಿಲ್ಲ. ಓದ್ತೀನಿ, ಕೇಳಿ. ಆಮೇಲೆ ಬಯ್ಯೋದಿದ್ರೆ ಬಯ್ಯಿರಿ.”

ಓದಿದಳು. ಫೋಟೊ ತೆಗೆದದ್ದು ನಾನು. ಬಳಸಲು ನಾನು ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ. ನನ್ನ ಮಾವನವರಿಗೆ ಅದನ್ನು ಕೊಡುವ ಹಕ್ಕು ಇರಲಿಲ್ಲ. ಒಳಗೆ ಪಾತ್ರೆ ಉಜ್ಜುವ ಸದ್ದು ನಿಂತಿತು. ಶ್ಯಾಮಲಮ್ಮ ಬಾಗಿಲ ಹತ್ತಿರ ಬಂದಿದ್ದಳು.

“ಹಕ್ಕಿರ್ಲಿಲ್ಲ ಅಂತ ಬರ್ದಿದ್ದೀಯ,” ಎಂದ ವೆಂಕಟರಾಯಪ್ಪ.

“ಹೂಂ ಮಾವ.”

ಅವನು ಟವೆಲಿನಿಂದ ಮುಖ ಒರೆಸಿಕೊಂಡ. “ಈ ಮನೇಲಿ ಯಾರೂ ನನ್ನನ್ನ ಏನೂ ಕೇಳಲ್ಲ ಕಣಮ್ಮ. ಹುಳು ನಿಮ್ಮತ್ತೇದು, ದುಡಿಮೆ ಅನಿಲ್‌ದು, ಫೋನು ನಿಂದು. ಅವತ್ತು ಮಾರ್ಕೆಟ್ಟಲ್ಲಿ ಅಷ್ಟು ಜನದ ಮುಂದೆ ಒಬ್ಬ ನನ್ನನ್ನ ಕೇಳ್ದ, ಹಾಕ್ಕೋಬಹುದಾ ಯಜಮಾನ್ರೇ ಅಂತ. ನಂಗೆ ಖುಷಿಯಾಯ್ತು. ಅಷ್ಟೇ ಆಗಿದ್ದು.”

ಪವಿತ್ರ ಹಾಳೆ ಕೆಳಗಿಳಿಸಿದಳು. ಶ್ಯಾಮಲಮ್ಮನೇ ಮಾತಾಡಿದಳು, ಒಂದು ವಾರದ ಮೇಲೆ, ನೇರವಾಗಿ ಗಂಡನಿಗೆ. “ಹುಳು ಹಸ್ಕೊಂಡಿವೆ. ನಾಳೆ ಮಧ್ಯಾಹ್ನಕ್ಕೆ ಸೊಪ್ಪು ಮುಗಿಯುತ್ತೆ.”

“ಗೊತ್ತು.” ಅವನು ಸೊಸೆಯ ಕಡೆ ಕೈ ಚಾಚಿದ. “ಕೆಳಗೆ ಜಾಗ ಇದ್ಯಾ? ಪೆನ್ನು ಕೊಡು.”

ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ನಿಧಾನಕ್ಕೆ ಬರೆದ. ‘ಮೇಲೆ ನನ್ನ ಸೊಸೆ ಬರೆದಿರುವುದು ನಿಜ. ತೆಗೆದವಳನ್ನೂ ಕೇಳದೆ, ನನ್ನ ಹೆಂಡತಿಯನ್ನೂ ಕೇಳದೆ ಕೊಟ್ಟೆ. ಈ ಪುಡಿ ನಮ್ಮ ಹುಳು ಮನೆಗೆ ಬಂದಿಲ್ಲ.’ ಸಹಿ ಹಾಕಿ, ಊರಿನ ಹೆಸರನ್ನೂ ಬರೆದ. ಆಮೇಲೆ ಕೊಟ್ಟಿಗೆಗೆ ಹೋಗಿ ಬಿಚ್ಚದ ಚೀಲವನ್ನು ಹೆಗಲಿಗೆ ಹಾಕಿಕೊಂಡು, “ಬಾರಮ್ಮ, ಫೋನು ತಗೋ,” ಎಂದ.

ಗಂಗಾಲಕ್ಷ್ಮಿ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಇವರನ್ನು ನೋಡಿಯೂ ಮೊರ ಕೆಳಗಿಡಲಿಲ್ಲ. ವೆಂಕಟರಾಯಪ್ಪ ಚೀಲ ಇಳಿಸಿ, ನಿಂತುಕೊಂಡೇ ಹಾಳೆಯನ್ನು ಓದಿದ. ತನ್ನ ಸಾಲುಗಳಿಗೆ ಬಂದಾಗ ಎರಡು ಸಲ ತಡವರಿಸಿದ. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಕೇಳಿದರು, ಅವರಿಗೂ ಕೇಳಲಿ ಎನ್ನುವಂತೆ ಅವನು ದನಿ ಎತ್ತಿದ.

“ಹಂಗಾದ್ರೆ ಶ್ಯಾಮಲಕ್ಕ ಸುಣ್ಣ ಬಿಟ್ಟೇ ಇರ್ಲಿಲ್ವಾ?” ಎಂದಳು ಗಂಗಾಲಕ್ಷ್ಮಿ.

ಪವಿತ್ರ ಫೋನು ಮುಂದೆ ಹಿಡಿದಳು. ಗಂಗಾಲಕ್ಷ್ಮಿ ಕೈ ಒರೆಸಿಕೊಂಡು, ಮೊದಲು ನಗುವ ಮುಖವನ್ನೂ ಆಮೇಲೆ ಮೂಲೆಯ ಮಂಕರಿಯನ್ನೂ ನೋಡಿದಳು. ತೆಂಗಿನ ಚಿಪ್ಪನ್ನು ಬೆರಳಿನಿಂದ ಮುಟ್ಟಿದಳು.

“ನನ್ ಹುಳು ವಾಪಸ್ ಬರಲ್ಲ.”

“ಇಲ್ಲಮ್ಮ,” ಎಂದ ವೆಂಕಟರಾಯಪ್ಪ.

“ಸೊಪ್ಪು ಕುಯ್ಕೊಳ್ಳಿ. ನಿಮ್ ಹುಳು ಏನ್ ಮಾಡಿದ್ವು, ಉಪವಾಸ ಕೆಡವೋಕೆ. ಆದ್ರೆ ಶ್ಯಾಮಲಕ್ಕಂಗೆ ಹೇಳಿ, ನಾನು ಈಗ್ಲೇ ಆ ಕಡೆ ಬರಲ್ಲ. ನಂಗೆ ಸ್ವಲ್ಪ ದಿನ ಬೇಕು.”

ಅವತ್ತು ಸಂಜೆಯೇ ಹಾಳೆ ರಂಜಿತಳಿಗೆ ಹೋಯಿತು. ಮೂರು ದಿನವಾದರೂ ಕಂಪನಿಯಿಂದ ಉತ್ತರವಿಲ್ಲ. ಮಾಲೂರಿನ ಅಂಗಡಿಯ ಬ್ಯಾನರ್ ಹಾಗೇ ಇದೆ ಎಂದು ಅನಿಲ್ ದಿನವೂ ಬಂದು ಹೇಳುತ್ತಿದ್ದ, ಪವಿತ್ರ ದಿನವೂ ಕೇಳುತ್ತಿದ್ದಳು. ಇಳಿಸುತ್ತಾರೋ, ಇನ್ನೊಂದು ಕಾಗದ ಕಳಿಸುತ್ತಾರೋ, ಯಾರಿಗೆ ಗೊತ್ತು.

ನಾಲ್ಕನೇ ದಿನ ಹುಳು ಹಣ್ಣಾದವು. ಮೈ ಹೊಳೆಯುವ ಹಳದಿ ಹುಳುಗಳನ್ನು ಆರಿಸಿ ಆರಿಸಿ ಚಂದ್ರಿಕೆಗೆ ಬಿಡುವಾಗ ನಾಲ್ವರ ಕೈಗೂ ಬಿಡುವಿರಲಿಲ್ಲ. ಗವಾಕ್ಷಿಯ ಬೆಳಕು ಅತ್ತೆಯ ಮುಖದ ಮೇಲೆ ಬಿದ್ದಿತ್ತು. ಪವಿತ್ರಳ ಕೈ ತಾನಾಗಿ ಫೋನಿನ ಕಡೆ ಹೋಯಿತು, ಹೋಗಿ ಅರ್ಧಕ್ಕೆ ನಿಂತಿತು.

“ಅತ್ತೆ, ಒಂದು ಫೋಟೊ ತೆಗೀಲಾ?”

ಶ್ಯಾಮಲಮ್ಮ ತಿರುಗಲಿಲ್ಲ. “ಯಾರಿಗೆ ತೋರ್ಸೋಕೆ?”

“ನೀವು ಯಾರಿಗೆ ಅಂತೀರೋ ಅವ್ರಿಗೆ.”

“ಮೊದ್ಲು ಗಂಗಂಗೆ ಕಳ್ಸು. ಮಿಕ್ಕಿದ್ದು ನಾನು ಹೇಳ್ದಾಗ.”

ಪವಿತ್ರ ಫೋನು ಎತ್ತಿದಳು. “ತಡಿ,” ಎಂದಳು ಶ್ಯಾಮಲಮ್ಮ. ಮೂಲೆಗೆ ಹೋಗಿ, ಬಗ್ಗಿ, ಸುಣ್ಣದ ಮಂಕರಿಯನ್ನು ಎತ್ತಿ ಎದೆಗೆ ಅವುಚಿಕೊಂಡು ಬಂದು ನಿಂತಳು. ಸೀರೆಯೆಲ್ಲ ಬೆಳ್ಳಗಾಯಿತು. ಈ ಸಲ ಅವಳು ನಗಲಿಲ್ಲ.

“ಈಗ ತೆಗಿ. ಇದನ್ನ ಕತ್ತರಿಸ್ಬೇಕು ಅಂದ್ರೆ ನನ್ನನ್ನೂ ಕತ್ತರಿಸ್ಬೇಕು.”